ಮಳೆನಾಡಿನ ಶಾಲೆಯಲ್ಲಿ ಊಟದ ಪಾಠ: ಕೊಡಗಿಗೆ ಎಂಥ ಕೈತೋಟ ಬೇಕು?

ಶಾಲೆಗೊಂದು ಕೈತೋಟ ಇರಲಿ ಅನ್ನುವುದಕ್ಕೆ ಈಗ ಯಾರ ತಕರಾರೂ ಇಲ್ಲ. ಕೇಂದ್ರ ಸರ್ಕಾರ 2019ರಲ್ಲೇ ಶಾಲಾ ಪೌಷ್ಟಿಕ ಕೈತೋಟಗಳಿಗೆ ಮಾರ್ಗಸೂಚಿ ಕೊಟ್ಟಿದೆ. ಇಷ್ಟೇ ಜಾಗ ಬೇಕು ಅಂತ ಅದರಲ್ಲಿ ಕಟ್ಟುಪಾಡಿಲ್ಲ. ಅಂಗಳ ಇಲ್ಲದ ಶಾಲೆ ತಾರಸಿಯ ಮೇಲೆ, ಡಬ್ಬ-ಚೀಲಗಳಲ್ಲೂ ಬೆಳೆಯಬಹುದು. ತೋಟಗಾರಿಕೆ ಇಲಾಖೆ, ಕೃಷಿ ವಿಜ್ಞಾನ ಕೇಂದ್ರಗಳ ನೆರವು ಕೇಳಬಹುದು. ಇಷ್ಟೆಲ್ಲ ಸರಿ. ಆದರೆ ಕೈತೋಟ ಯಾತಕ್ಕೆ ಅನ್ನುವ ಪ್ರಶ್ನೆಯನ್ನು ನಾವು ಬೇಗ ದಾಟಿಬಿಡುತ್ತೇವೆ. ಬಿಸಿಯೂಟದ ಪಾತ್ರೆ ತುಂಬಿಸಲಿಕ್ಕಾ? ಮಕ್ಕಳಿಗೆ ಊಟದ ಬಗ್ಗೆ ಕಲಿಸಲಿಕ್ಕಾ? ಎರಡೂ ಆಗಲಿ ಅನ್ನಬಹುದು. ಯಾವುದು ಮೊದಲು ಅಂತ ತೀರ್ಮಾನಿಸದಿದ್ದರೆ ಏನು ನೆಡಬೇಕು, ಯಾವಾಗ ನೆಡಬೇಕು, ಯಾರು ನೋಡಿಕೊಳ್ಳಬೇಕು ಅನ್ನುವುದೆಲ್ಲ ಗೊಂದಲವಾಗುತ್ತದೆ. ನನ್ನ ಪ್ರಕಾರ ಕಲಿಕೆಯೇ ಮೊದಲು. ಯಾಕೆ ಅಂತ ಒಂದು ಸಣ್ಣ ಲೆಕ್ಕದಿಂದ ನೋಡೋಣ.

ಬಿಸಿಯೂಟದ ನಿಯಮದ ಪ್ರಕಾರ 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಸಿಗಬೇಕು. 6ರಿಂದ 8ನೇ ತರಗತಿಯವರಿಗೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ. ಕಿರಿಯ ಪ್ರಾಥಮಿಕ ಶಾಲೆಯಲ್ಲಿ 60 ಮಕ್ಕಳಿದ್ದರೆ ದಿನಕ್ಕೆ 3 ಕೆಜಿ ತರಕಾರಿ ಬೇಕು. ವಾರಕ್ಕೆ ಆರು ದಿನ ಅಂದರೆ 18 ಕೆಜಿ. ಹತ್ತು ಚದರ ಮೀಟರ್ ಮಡಿಯಲ್ಲಿ ಹರಿವೆ ಸೊಪ್ಪು ಚೆನ್ನಾಗಿ ಬಂದರೆ ತಿಂಗಳಿಗೆ ಹತ್ತು ಕೆಜಿ ಆಸುಪಾಸು ಸಿಗಬಹುದು. ಅಂದರೆ ಮೂರು ದಿನದ ಅಡುಗೆ. ಇಂಥ ಮಡಿ ಐದಾರು ಇದ್ದರೂ ತಿಂಗಳಿಡೀ ಸಾಲುವುದಿಲ್ಲ. ಅದರ ಮೇಲೆ ಮಳೆಗಾಲ, ದಸರಾ ರಜೆ, ಬೇಸಿಗೆ ರಜೆ ಕಳೆಯಬೇಕು. ಹದಿನೈದು-ಇಪ್ಪತ್ತು ಮಕ್ಕಳಿರುವ ಶಾಲೆಗಳು ಕೊಡಗಿನಲ್ಲಿ ಬೇಕಾದಷ್ಟಿವೆ. ಅಲ್ಲಿ ದಿನಕ್ಕೆ ಒಂದು ಕೆಜಿ ಸಾಕು, ಹಾಗಾಗಿ ಕೈತೋಟದಿಂದ ಅಡುಗೆಗೂ ಒಳ್ಳೆಯ ಆಸರೆ ಸಿಗುತ್ತದೆ. ದೊಡ್ಡ ಶಾಲೆಗೆ ಮಾತ್ರ ತರಕಾರಿಯ ಬಹುಪಾಲು ಸಂತೆಯಿಂದಲೇ ಬರಬೇಕು.

ಇದನ್ನು ಮೊದಲೇ ಒಪ್ಪಿಕೊಂಡರೆ ಮನಸ್ಸು ಹಗುರಾಗುತ್ತದೆ. ಎಷ್ಟು ಕೆಜಿ ಬಂತು ಅಂತ ವರದಿ ಬರೆಯುವ ಒತ್ತಡ ಹೋಗುತ್ತದೆ. ಮಗು ಏನು ಕಲಿತಿತು, ತಟ್ಟೆಯಲ್ಲಿ ಏನು ಬಿಡದೆ ತಿಂದಿತು, ಮನೆಗೆ ಏನು ಒಯ್ದಿತು ಅಂತ ಕೇಳಬಹುದು.

ಕೈತೋಟ ಮಾಡಿದರೆ ಮಕ್ಕಳು ತಾವಾಗಿಯೇ ಸೊಪ್ಪು-ತರಕಾರಿ ಜಾಸ್ತಿ ತಿನ್ನುತ್ತಾರಾ? ಇದನ್ನು ನೇಪಾಳದ ಶಾಲೆಗಳಲ್ಲಿ ವಿಶ್ವ ತರಕಾರಿ ಕೇಂದ್ರದ ಸಂಶೋಧಕರು ಪರೀಕ್ಷಿಸಿ ನೋಡಿದ್ದಾರೆ. ಕೈತೋಟ ಇದ್ದ ಶಾಲೆ, ಇಲ್ಲದ ಶಾಲೆ ಎರಡನ್ನೂ ಹೋಲಿಸಿದಾಗ ಮಕ್ಕಳ ತಿಳಿವಳಿಕೆ ಹೆಚ್ಚಿದ್ದು ಕಂಡಿತು. ಆದರೆ ತಿನ್ನುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮುಂದಿನ ಪ್ರಯೋಗದಲ್ಲಿ ಅವರು ಶಾಲೆಯ ಕೈತೋಟದ ಜೊತೆ ಆ ಮಕ್ಕಳ ಮನೆಯ ಹಿತ್ತಿಲನ್ನೂ ಸೇರಿಸಿದರು. ಹೆತ್ತವರಿಗೂ ಬೀಜ ಕೊಟ್ಟರು, ತರಬೇತಿ ಕೊಟ್ಟರು. ಆಗ ಮಕ್ಕಳು ತರಕಾರಿ ತಿನ್ನುವುದು ಹೆಚ್ಚಾಯಿತು. ಯೋಚಿಸಿದರೆ ಇದು ಸಹಜವೇ. ಹತ್ತು ವರ್ಷದ ಮಗು ರಾತ್ರಿ ಏನು ತಿನ್ನಬೇಕು ಅಂತ ತೀರ್ಮಾನಿಸುವುದು ಆ ಮಗು ಅಲ್ಲ. ಮನೆಯಲ್ಲಿ ಬೇಯಿಸುವವರ ಕೈಗೆ ಏನು ಸಿಗುತ್ತದೋ ಅದೇ ತಟ್ಟೆಗೆ ಬರುತ್ತದೆ.

ಶಾಲೆಯ ಮಡಿ ಒಂದು ಕೆಲಸವನ್ನು ಮಾತ್ರ ಬಹಳ ಚೆನ್ನಾಗಿ ಮಾಡುತ್ತದೆ. ಗುರುತಿಲ್ಲದ್ದನ್ನು ಗುರುತಿನದ್ದನ್ನಾಗಿ ಮಾಡುತ್ತದೆ. ಹೊಸ ರುಚಿ ಅಂದರೆ ಮಕ್ಕಳು ಹಿಂಜರಿಯುವುದು ಸ್ವಭಾವ. ಒಂದು ತರಕಾರಿ ಬೇಡ ಅಂದ ಮಗು ಅದನ್ನು ಒಪ್ಪಿಕೊಳ್ಳಬೇಕಾದರೆ ಕೆಲವೊಮ್ಮೆ ಎಂಟು-ಹತ್ತು ಸಲವಾದರೂ ರುಚಿ ನೋಡಬೇಕಾಗುತ್ತದೆ. ಬೀಜ ಹಾಕಿದ್ದು, ಮೊಳಕೆ ಬಂದದ್ದು, ಹುಳ ತಿಂದದ್ದು, ಕಡೆಗೆ ಕಿತ್ತದ್ದು ಎಲ್ಲವನ್ನೂ ಕಂಡ ಮಗುವಿಗೆ ಆ ಮೂಲಂಗಿ ಅಪರಿಚಿತವಾಗಿ ಉಳಿದಿರುವುದಿಲ್ಲ. ಅದೇ ಆರಂಭ.

ತಟ್ಟೆಯಲ್ಲಿ ಬಿಳಿಯೇ ಜಾಸ್ತಿ

ಕೊಡಗಿನ ಊಟ ಅಕ್ಕಿಯ ಸುತ್ತ ಇದೆ. ಬೆಳಿಗ್ಗೆ ಅಕ್ಕಿ ರೊಟ್ಟಿ, ಇಲ್ಲವೇ ಕಡಂಬುಟ್ಟು, ನೂಲ್‌ಪುಟ್ಟು. ಮಧ್ಯಾಹ್ನ ಅನ್ನ, ರಾತ್ರಿಯೂ ಅನ್ನ. ಇದರಲ್ಲಿ ತಪ್ಪೇನೂ ಇಲ್ಲ. ಗದ್ದೆಯ ನಾಡಿಗೆ ಅದೇ ಊಟ. ಜೊತೆಗೆ ಏನಿದೆ ಅನ್ನುವುದು ಮುಖ್ಯ. ಅನುಕೂಲ ಇರುವ ಮನೆಯಲ್ಲಿ ಮಾಂಸ, ಮೀನು, ಮೊಟ್ಟೆ, ಎರಡು ಬಗೆ ಪಲ್ಯ ಇರುತ್ತದೆ. ತೋಟದ ಕೂಲಿಯವರು ಸಾಲಾಗಿ ಇರುವ ಲೈನ್ ಮನೆಯ ಮಗುವಿಗೆ ಎಷ್ಟೋ ದಿನ ಅನ್ನ, ತಿಳಿ ಸಾರು, ಉಪ್ಪಿನಕಾಯಿ ಇಷ್ಟೇ. ಹೊಟ್ಟೆ ತುಂಬುತ್ತದೆ. ರಕ್ತಕ್ಕೆ, ಕಣ್ಣಿಗೆ, ಎಲುಬಿಗೆ ಬೇಕಾದದ್ದು ಸಿಗುವುದಿಲ್ಲ. ಇದನ್ನೇ ಒಳಹಸಿವು ಅನ್ನುವುದು. ನೋಡಿದರೆ ಗೊತ್ತಾಗುವುದಿಲ್ಲ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಅಂಕಿ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ ಇತ್ತು. 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8. ಒಂದನೇ ತರಗತಿಗೆ ಬಂದು ಕೂರುವುದು ಇದೇ ಮಕ್ಕಳು. ಬೇಗ ಸುಸ್ತಾಗುವುದು, ಪಾಠದಲ್ಲಿ ಗಮನ ನಿಲ್ಲದಿರುವುದು ಇದರ ಲಕ್ಷಣ ಇರಬಹುದು. ನಾವದನ್ನು ಸೋಮಾರಿತನ ಅಂತ ಬೈಯುತ್ತೇವೆ.

ರಕ್ತಹೀನತೆಗೆ ಕಾರಣ ಹಲವು. ಕಬ್ಬಿಣದ ಕೊರತೆ ಅದರಲ್ಲಿ ದೊಡ್ಡದು. ಸೊಪ್ಪಿನಲ್ಲಿ ಕಬ್ಬಿಣ ಇದೆ, ಸೊಪ್ಪು ತಿನ್ನಿ ಅಂತ ಎಲ್ಲ ಪಠ್ಯದಲ್ಲೂ ಇರುತ್ತದೆ. ಅರ್ಧ ಮಾತು ಮಾತ್ರ ಹೇಳಿದ ಹಾಗಾಯಿತು. ಮಾಂಸ-ಮೀನಿನಲ್ಲಿರುವ ಕಬ್ಬಿಣದಲ್ಲಿ ಒಂದು ಬಗೆಯದ್ದನ್ನು ನಮ್ಮ ಕರುಳು ಸುಲಭವಾಗಿ ಹೀರಿಕೊಳ್ಳುತ್ತದೆ. ಸೊಪ್ಪು, ಕಾಳು, ಧಾನ್ಯದಲ್ಲಿರುವ ಕಬ್ಬಿಣ ಅಷ್ಟು ಸುಲಭವಾಗಿ ಒಳಗೆ ಹೋಗುವುದಿಲ್ಲ. ಅದಕ್ಕೆ ಜೊತೆ ಬೇಕು. ಆ ಜೊತೆ ಸಿ ವಿಟಮಿನ್. ಅದೇ ಊಟದಲ್ಲಿ ನಿಂಬೆರಸವೋ ಸೀಬೆಹಣ್ಣೋ ಇದ್ದರೆ, ಸಿ ವಿಟಮಿನ್ ಆ ಕಬ್ಬಿಣವನ್ನು ಕರುಳು ಹೀರಬಲ್ಲ ರೂಪಕ್ಕೆ ತಿರುಗಿಸುತ್ತದೆ. ಬಿಸಿಗೆ ಸಿ ವಿಟಮಿನ್ ಹಾಳಾಗುತ್ತದೆ. ಹಾಗಾಗಿ ನಿಂಬೆ ಹಿಂಡುವುದು ಪಾತ್ರೆ ಒಲೆಯಿಂದ ಇಳಿಸಿದ ಮೇಲೆ. ಕಿತ್ತಳೆ ನಮ್ಮ ಕೊಡಗಿನ ಹೆಮ್ಮೆ. ಆದರೆ ಸಿ ವಿಟಮಿನ್ ವಿಷಯದಲ್ಲಿ ಹಿತ್ತಿಲ ಸೀಬೆ ಕಿತ್ತಳೆಗಿಂತ ಹಲವು ಪಟ್ಟು ಮುಂದೆ. ಬೆಲೆಯೂ ಕಡಿಮೆ.

ಇನ್ನೊಂದು ಮಾತು ಕಾಫಿ ನಾಡಿನವರು ಕೇಳಲೇಬೇಕು. ಕಾಫಿ, ಟೀಯಲ್ಲಿರುವ ಪಾಲಿಫಿನಾಲ್‌ಗಳು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತವೆ. ಊಟದ ಜೊತೆ ಒಂದು ಲೋಟ ಕಾಫಿ ಕುಡಿದರೆ ಕಬ್ಬಿಣ ಹೀರುವುದು ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇಳಿದದ್ದು ಪ್ರಯೋಗದಲ್ಲಿ ಕಂಡಿದೆ. ಟೀ ಇದಕ್ಕಿಂತ ಕೆಟ್ಟದ್ದು. ಊಟವಾಗಿ ಒಂದು ಗಂಟೆ ಬಿಟ್ಟು ಕಾಫಿ ಕುಡಿದಾಗಲೂ ಅಷ್ಟೇ ಇಳಿಯಿತು. ಊಟಕ್ಕೆ ಒಂದು ಗಂಟೆ ಮೊದಲು ಕುಡಿದಾಗ ಮಾತ್ರ ತೊಂದರೆ ಆಗಲಿಲ್ಲ. ನಮ್ಮಲ್ಲಿ ಎಷ್ಟು ಮಕ್ಕಳು ಬೆಳಿಗ್ಗೆ ಬೆಲ್ಲದ ಕಪ್ಪು ಕಾಫಿಗೆ ರೊಟ್ಟಿ ಅದ್ದಿಕೊಂಡು ತಿಂದು ಶಾಲೆಗೆ ಬರುತ್ತಾರೆ ಅಲ್ವಾ? ಕಾಫಿ ಬಿಡಿಸಿ ಅಂತ ನಾನು ಹೇಳುತ್ತಿಲ್ಲ. ದೊಡ್ಡವರು ಎದ್ದ ಕೂಡಲೇ ಕುಡಿದು, ತಿಂಡಿಯನ್ನು ಸ್ವಲ್ಪ ತಡಮಾಡಲಿ. ಮಕ್ಕಳ ಲೋಟದಲ್ಲಿ ಹಾಲು ಜಾಸ್ತಿಯಾಗಿ ಕಾಫಿ ಕಡಿಮೆಯಾಗಲಿ. ಇಷ್ಟು ಮಾಡಿದರೂ ಲಾಭವಿದೆ.

ಈ ಪಾಠವನ್ನು ಕರಿಹಲಗೆಯ ಮೇಲೆ ಬರೆದರೆ ಮಕ್ಕಳು ಮರೆಯುತ್ತಾರೆ. ಮಡಿಯಲ್ಲೇ ಬರೆದರೆ? ನನಗೆ ಬಹಳ ಇಷ್ಟವಾದ ಯೋಚನೆ ಇದು. ಕೈತೋಟವನ್ನು ಸಾಲುಸಾಲು ತರಕಾರಿಯಾಗಿ ಹಾಕುವ ಬದಲು ಊಟದ ಜೋಡಿಗಳಾಗಿ ಹಾಕಬಹುದು. ಹರಿವೆಯ ಮಡಿ, ಅದರ ಪಕ್ಕದಲ್ಲೇ ನಿಂಬೆ ಗಿಡ. ಯಾಕೆ ಇವೆರಡು ಅಕ್ಕಪಕ್ಕ ಅಂತ ಮಗು ಕೇಳಿದ ದಿನ ಕಬ್ಬಿಣದ ಪಾಠ. ಸಿಹಿಗುಂಬಳದ ಬಳ್ಳಿ ಮತ್ತು ನೆಲಗಡಲೆ ಇನ್ನೊಂದು ಜೋಡಿ. ಕುಂಬಳದ ಹಳದಿ ಬಣ್ಣದ ಬೀಟಾ ಕೆರೋಟಿನ್ ನಮ್ಮ ಮೈಯಲ್ಲಿ ಎ ವಿಟಮಿನ್ ಆಗುತ್ತದೆ. ಅದನ್ನು ಹೀರಲು ಊಟದಲ್ಲಿ ಸ್ವಲ್ಪ ಎಣ್ಣೆಯಂಶ ಬೇಕೇ ಬೇಕು. ಒಗ್ಗರಣೆ ಬರೀ ಘಮಕ್ಕಾಗಿ ಇರುವುದಲ್ಲ ಅಂತ ಅಡುಗೆಯವರೇ ಬಂದು ಹೇಳಿದರೆ ಇನ್ನೂ ಚೆಂದ. ಮೂರನೆಯದು ಭತ್ತ ಮತ್ತು ಅಲಸಂದೆ. ಒಂದು ಹಳೆ ಬಾನಿಯಲ್ಲಿ ನಾಲ್ಕು ಬುಡ ಭತ್ತ, ಅದರ ಪಕ್ಕ ಅಲಸಂದೆ. ಅಕ್ಕಿಯ ಪ್ರೋಟೀನಿನಲ್ಲಿ ಲೈಸಿನ್ ಅನ್ನುವ ಅಂಶ ಕಡಿಮೆ. ಕಾಳಿನಲ್ಲಿ ಅದು ಧಾರಾಳ. ಕಾಳಿನಲ್ಲಿ ಕಡಿಮೆ ಇರುವ ಮೆಥಿಯೊನಿನ್ ಅಕ್ಕಿಯಲ್ಲಿದೆ. ಎರಡನ್ನೂ ತಿಂದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಅಲಸಂದೆಯ ಬೇರು ಕಿತ್ತು, ಗಾಳಿಯ ಸಾರಜನಕವನ್ನು ಹಿಡಿದಿಡುವ ಅದರ ಗಂಟುಗಳನ್ನು ತೋರಿಸಿದರೆ ಸಾರಜನಕದ ಪಾಠವೂ ಅಲ್ಲೇ ಆಯಿತು.

ಜೂನ್ ತಿಂಗಳ ತೊಂದರೆ

ಶಾಲಾ ಕೈತೋಟದ ಹೆಚ್ಚಿನ ಕೈಪಿಡಿಗಳು ಜೂನ್‌ನಲ್ಲಿ ಬಿತ್ತಿ ಅನ್ನುತ್ತವೆ. ಶಾಲೆ ಶುರು, ಮಳೆಯೂ ಶುರು, ಪರಿಸರ ದಿನವೂ ಬಂತು. ಮೈಸೂರು, ಹಾಸನದ ಬಯಲಿಗೆ ಇದು ಸರಿ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಬಹುಪಾಲು ಬೀಳುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಈ ಮಳೆಗೆ ಟೊಮೆಟೊ, ಕೊತ್ತಂಬರಿ, ಹರಿವೆಯ ಬೀಜ ಹಾಕಿದರೆ ಒಂದೋ ಕೊಚ್ಚಿ ಹೋಗುತ್ತದೆ, ಇಲ್ಲ ಸಸಿ ಬುಡದಲ್ಲೇ ಕೊಳೆಯುತ್ತದೆ. ವಾರಗಟ್ಟಲೆ ಬಿಸಿಲೇ ಇರುವುದಿಲ್ಲ. ಜುಲೈಯಲ್ಲಿ ಮಳೆ ರಜೆ ಬೇರೆ. ಆಗಸ್ಟ್ ಹೊತ್ತಿಗೆ ಮಡಿ ತುಂಬಾ ಹುಲ್ಲು. ಕೈತೋಟ ನಮ್ಮಲ್ಲಿ ಆಗುವುದಿಲ್ಲ ಅಂತ ಎಲ್ಲರೂ ಕೈಬಿಡುತ್ತಾರೆ. ಆಗದ್ದು ಕೈತೋಟ ಅಲ್ಲ, ಆ ವೇಳಾಪಟ್ಟಿ.

ಕುಶಾಲನಗರದ ಕಥೆ ಬೇರೆ. ಮಡಿಕೇರಿಯಿಂದ 30 ಕಿಲೋಮೀಟರ್ ಇಳಿದರೆ ಮಳೆ ಸುಮಾರು ಮೂರನೇ ಒಂದು ಭಾಗಕ್ಕೆ ಬರುತ್ತದೆ. ಅಲ್ಲಿ ನುಗ್ಗೆ ಚೆನ್ನಾಗಿ ಬರುತ್ತದೆ, ಜೂನ್ ಬಿತ್ತನೆಯೂ ನಡೆಯುತ್ತದೆ. ಮಡಿಕೇರಿಯ ಮಳೆಗೆ ನುಗ್ಗೆ ಒದ್ದಾಡುತ್ತದೆ. ಒಂದೇ ಜಿಲ್ಲೆಗೆ ಒಂದೇ ಬೀಜದ ಪೊಟ್ಟಣ ಹಂಚುವುದು ಯಾಕೆ ಸರಿಯಲ್ಲ ಅನ್ನಲು ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಹಾಗಾದರೆ ಮಳೆ ಜಾಸ್ತಿ ಇರುವ ಕಡೆ ಏನು ಮಾಡಬೇಕು? ನಮ್ಮ ಹಿರಿಯರ ಹಿತ್ತಿಲನ್ನು ನೋಡಿದರೆ ಸಾಕು. ಕಾಫಿ ಹೂ ಬಿಡಿಸುವ ಬೇಸಿಗೆಯ ಹೂಮಳೆ ಬಿದ್ದು ನೆಲ ಹದವಾದ ಮೇಲೆ, ಬೇಸಿಗೆ ರಜೆಗೆ ಮೊದಲೇ, ಗೆಡ್ಡೆಗಳನ್ನು ಊರಿಬಿಡಬೇಕು. ಬಳ್ಳಿ ಗೆಣಸು, ಕೆಸು, ಸುವರ್ಣಗೆಡ್ಡೆ, ಅರಿಶಿನ. ಏಪ್ರಿಲ್-ಮೇ ತಿಂಗಳಲ್ಲಿ ಆಗಾಗ ಬೀಳುವ ಮಳೆ ಇವುಗಳ ಮೊಳಕೆಗೆ ಸಾಕು. ಯಾರೂ ನೀರು ಹಾಕಬೇಕಾಗಿಲ್ಲ. ಜೂನ್‌ನಲ್ಲಿ ಮಕ್ಕಳು ಬರುವಾಗ ಎಲೆ ಬಿಟ್ಟಿರುತ್ತವೆ. ಮಳೆಗೆ ಹೆದರುವುದಿಲ್ಲ. ಎರಡು ವಾರ ಮಳೆ ರಜೆ ಬಂದರೂ ಚಿಂತೆಯಿಲ್ಲ. ನೀರು ನಿಲ್ಲದ ಹಾಗೆ ಏರುಮಡಿ ಮಾಡಿ, ಇಳಿಜಾರಿಗೆ ಅಡ್ಡಲಾಗಿ ಚರಂಡಿ ತೆಗೆದಿರಬೇಕು ಅಷ್ಟೇ. ಗೆಣಸು ಕೀಳುವ ಹೊತ್ತಿಗೆ ನಮ್ಮ ಸುಗ್ಗಿ ಹಬ್ಬ ಹುತ್ತರಿ ಬಂದಿರುತ್ತದೆ. ಹುತ್ತರಿಗೆ ಗೆಣಸು ಬೇಯಿಸಿ ತಿನ್ನುವುದು ನಮ್ಮಲ್ಲಿ ಇದ್ದದ್ದೇ. ಶಾಲೆಯಲ್ಲಿ ಬೆಳೆದ ಗೆಣಸನ್ನು ಆ ವಾರ ಎಲ್ಲ ಮಕ್ಕಳೂ ಕೂತು ತಿಂದರೆ ಹಬ್ಬವೂ ಆಯಿತು, ಪಾಠವೂ ಆಯಿತು.

ಮಳೆಗಾಲದಲ್ಲಿ ತರಗತಿಯ ಒಳಗೇ ಒಂದು ಕೈತೋಟ ನಡೆಸಬಹುದು. ಹೆಸರುಕಾಳನ್ನೋ ಹುರುಳಿಯನ್ನೋ ನೆನೆಹಾಕಿ ಬಟ್ಟೆಯಲ್ಲಿ ಕಟ್ಟಿಡುವುದು. ಮೊಳಕೆ ಬರುವಾಗ ಕಾಳಿನಲ್ಲಿ ಇಲ್ಲದ ಸಿ ವಿಟಮಿನ್ ಹುಟ್ಟುತ್ತದೆ. ಜುಲೈ ಚಳಿಗೆ ಮೊಳಕೆ ತಡವಾಗುತ್ತದೆ. ಒಂದು ಗಂಟನ್ನು ಅಡುಗೆಮನೆಯ ಬೆಚ್ಚಗಿನ ಮೂಲೆಯಲ್ಲಿ, ಇನ್ನೊಂದನ್ನು ಕಿಟಕಿಯ ಹತ್ತಿರ ಇಟ್ಟು, ಯಾವುದು ಮೊದಲು ಮೊಳೆಯಿತು ಅಂತ ಮಕ್ಕಳು ಬರೆದಿಡಲಿ. ತಿನ್ನುವ ಮೊದಲು ಒಂದು ಕುದಿ ಬೇಯಿಸಬೇಕು. ಹಸಿ ಮೊಳಕೆಯಲ್ಲಿ ರೋಗಾಣು ಇರಬಹುದು.

ನಿಜವಾದ ತರಕಾರಿ ಕಾಲ ನಮಗೆ ಬರುವುದು ದಸರಾ ರಜೆ ಮುಗಿದ ಮೇಲೆ. ಅಕ್ಟೋಬರ್ ಕೊನೆಯಿಂದ ಮಾರ್ಚ್‌ವರೆಗೆ ಐದು ತಿಂಗಳು. ಮಳೆ ಇಳಿದಿರುತ್ತದೆ, ನೆಲದಲ್ಲಿ ತೇವ ಇರುತ್ತದೆ, ಬಿಸಿಲು ಹದವಾಗಿರುತ್ತದೆ, ರಜೆಗಳೂ ಕಡಿಮೆ. ಹರಿವೆ 30 ದಿನಕ್ಕೆ ಕೊಯ್ಲಿಗೆ ಬರುತ್ತದೆ. ಮೂಲಂಗಿಗೆ 45 ದಿನ. ಬೀನ್ಸಿಗೆ ಎರಡು ತಿಂಗಳು. ಕೋಸಿಗೆ ಮೂರು. ಮೊದಲು ಬೇಗ ಬರುವುದನ್ನೇ ಹಾಕಿ. ಮಕ್ಕಳಿಗೆ ಕಾಯುವ ತಾಳ್ಮೆ ನಿಧಾನಕ್ಕೆ ಬರುತ್ತದೆ.

ಮಣ್ಣಿನ ಬಗ್ಗೆ ಒಂದೇ ಮಾತು. ಜಾಸ್ತಿ ಮಳೆ ಮಣ್ಣಿನ ಸುಣ್ಣದಂಶವನ್ನು ತೊಳೆದುಬಿಡುತ್ತದೆ. ಅದಕ್ಕೇ ನಮ್ಮ ಮಣ್ಣು ಹುಳಿ. ಕಾಫಿ ತೋಟಕ್ಕೆ ಸುಣ್ಣ ಹಾಕುವುದನ್ನು ಇಲ್ಲಿನ ಎಲ್ಲ ಮಕ್ಕಳೂ ನೋಡಿದ್ದಾರೆ. ಯಾಕೆ ಹಾಕುತ್ತಾರೆ ಅಂತ ಯಾರೂ ಹೇಳಿರುವುದಿಲ್ಲ. ಕೆಂಪು ದಾಸವಾಳದ ಎಸಳನ್ನು ಬಿಸಿನೀರಿಗೆ ಹಾಕಿ, ಆ ನೀರಿಗೆ ನಿಂಬೆರಸ ಬಿಟ್ಟರೆ ಗಾಢ ಗುಲಾಬಿ, ಸುಣ್ಣದ ತಿಳಿ ಬಿಟ್ಟರೆ ಹಸಿರು. ಆಮ್ಲ-ಪ್ರತ್ಯಾಮ್ಲದ ಪಾಠವನ್ನು ಕೈತೋಟದ ಬೇಲಿಯ ಹೂವಿನಿಂದಲೇ ಮಾಡಬಹುದು. ಮಡಿಗೆ ಎಷ್ಟು ಸುಣ್ಣ ಬೇಕು ಅನ್ನುವುದಕ್ಕೆ ಮಾತ್ರ ಮಣ್ಣು ಪರೀಕ್ಷೆಯೇ ಬೇಕು. ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಬಹುದು. ಹಣ್ಣಿನ ಗಿಡದ ವಿಷಯಕ್ಕೆ ಚೆಟ್ಟಳ್ಳಿಯ ತೋಟಗಾರಿಕೆ ಪ್ರಯೋಗ ಕೇಂದ್ರ ಇದೆ.

ಮನೆಯವರಿಗೆ ಗೊತ್ತಿರುವುದು

ಕೊಡಗಿನ ಒಂದು ಸಾಮಾನ್ಯ ಸರ್ಕಾರಿ ಶಾಲೆಯಲ್ಲಿ ಕೊಡವ, ಅರೆಭಾಷೆ ಗೌಡ, ಯರವ, ಜೇನು ಕುರುಬ, ಬ್ಯಾರಿ, ಮಲಯಾಳಿ, ತಮಿಳು ಮನೆಗಳ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಈಚೆಗೆ ತೋಟದ ಕೆಲಸಕ್ಕೆ ಬಂದ ಅಸ್ಸಾಮಿನವರ ಮಕ್ಕಳೂ ಇದ್ದಾರೆ. ಊಟದ ತಿಳಿವಳಿಕೆ ಇಷ್ಟು ಬಗೆಯಲ್ಲಿ ಒಂದೇ ಕೋಣೆಯಲ್ಲಿ ಸಿಗುವ ಜಾಗ ಅಪರೂಪ. ಆದರೆ ಪೌಷ್ಟಿಕತೆಯ ಪಾಠ ಅಂದ ಕೂಡಲೇ ನಾವು ಕ್ಯಾರೆಟ್, ಸೇಬಿನ ಚಿತ್ರ ಅಂಟಿಸುತ್ತೇವೆ. ಅಂಗಳದ ಅಂಚಿನ ಕೆಸುವಿನ ಎಲೆ, ಒಂದೆಲಗ, ಹೊನಗನ್ನೆ ಸೊಪ್ಪು ಯಾವ ಚಿತ್ರದಲ್ಲೂ ಇರುವುದಿಲ್ಲ. ಬಡವರ ಊಟ ಅಂತ ಮಕ್ಕಳೇ ನಾಚಿಕೊಳ್ಳಲು ಶುರುಮಾಡುತ್ತಾರೆ. ಇದು ನನಗೆ ನಿಜವಾಗಿ ನೋವು ತರುವ ವಿಷಯ.

ಆ ನಾಚಿಕೆ ಕಳೆಯುವ ಶಕ್ತಿ ಕೈತೋಟಕ್ಕಿದೆ. ಕೆಸುವನ್ನೇ ತಗೊಳ್ಳಿ. ಎಲೆ ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುತ್ತದೆ. ಕಾರಣ ಕ್ಯಾಲ್ಸಿಯಂ ಆಕ್ಸಲೇಟ್. ಸೂಜಿಯಂಥ ಸಣ್ಣ ಹರಳುಗಳು ಎಲೆಯ ಒಳಗಿರುತ್ತವೆ. ಚೆನ್ನಾಗಿ ಬೇಯಿಸಿ ಹುಳಿ ಹಾಕಬೇಕು ಅಂತ ನಮ್ಮ ಅಜ್ಜಿಯರು ಅನುಭವದಿಂದ ಕಂಡುಕೊಂಡಿದ್ದರು. ಕಣಿಲೆಯ ವಿಷಯ ಇನ್ನೂ ಸ್ವಾರಸ್ಯ. ಎಳೆ ಬಿದಿರಿನಲ್ಲಿ ಸಯನೈಡ್ ಬಿಡುವ ಒಂದು ಅಂಶ ಇರುತ್ತದೆ. ಸಣ್ಣಗೆ ಹೆಚ್ಚಿ, ಎರಡು-ಮೂರು ದಿನ ನೀರಲ್ಲಿ ನೆನೆಹಾಕಿ, ದಿನಾ ನೀರು ಬದಲಿಸಿ, ಆಮೇಲೆ ಬೇಯಿಸುವುದು ಪದ್ಧತಿ. ಹೆಚ್ಚಿದಾಗ ಆ ಅಂಶ ಒಡೆಯುತ್ತದೆ, ನೀರಲ್ಲಿ ಬಿಟ್ಟುಕೊಳ್ಳುತ್ತದೆ, ಬೇಯುವಾಗ ಉಳಿದದ್ದು ಆವಿಯಾಗಿ ಹೋಗುತ್ತದೆ. ಮರಗೆಣಸಿನಲ್ಲೂ ಇದೇ ಬಗೆಯ ಅಂಶ ಇದೆ. ಸಿಪ್ಪೆ ತೆಗೆದು, ಬೇಯಿಸಿದ ನೀರನ್ನು ಚೆಲ್ಲುವುದು ಅದಕ್ಕೇ. ಓದು ಬರಹ ಬಾರದ ಅಮ್ಮನ ಕೈಯಲ್ಲಿ ಇಷ್ಟು ರಸಾಯನಶಾಸ್ತ್ರ ಇದೆ ಅಂತ ಗೊತ್ತಾದಾಗ ಮಗು ಮನೆಗೆ ಹೋಗಿ ಬೇರೆ ಕಣ್ಣಿಂದ ನೋಡುತ್ತದೆ.

ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ ಪಾಯಸ ಮಾಡಿ ತಿನ್ನುವ ಮದ್ದು ಸೊಪ್ಪು ಇನ್ನೊಂದು ಒಳ್ಳೆಯ ಅವಕಾಶ. ಕಕ್ಕಡ ಹದಿನೆಂಟು ಆಗಸ್ಟ್ ಮೊದಲ ವಾರದಲ್ಲಿ ಬರುತ್ತದೆ. ಶಾಲೆ ಇರುವ ದಿನಗಳು. ಸೊಪ್ಪು ಬೇಯಿಸಿದ ನೀರು ಕಡು ನೇರಳೆಯಾಗುವುದು, ಪಾಯಸ ತಿಂದ ಮೇಲೆ ಮೂತ್ರ ಕೆಂಪಾಗುವುದು ಮಕ್ಕಳಿಗೆ ಭಾರೀ ಕುತೂಹಲ. ತಿಂದದ್ದರಲ್ಲಿ ಒಂದು ಪಾಲು ರಕ್ತಕ್ಕೆ ಸೇರಿ ಮೂತ್ರಪಿಂಡದಲ್ಲಿ ಸೋಸಿ ಹೊರಗೆ ಬರುತ್ತದೆ ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ತೋರಿಸಲು ಸಾಧ್ಯವಿಲ್ಲ.

ಎಲ್ಲ ಹಳೆಯದೂ ಒಳ್ಳೆಯದೇ ಅಂತಲ್ಲ. ಕಾಡಿನ ಅಣಬೆ ಶಾಲೆಯ ಅಡುಗೆಗೆ ಬೇಡವೇ ಬೇಡ. ಗುರುತು ಒಂದು ತಪ್ಪಿದರೆ ಜೀವಕ್ಕೇ ಕುತ್ತು. ಚಕ್ರಮುನಿ ಸೊಪ್ಪು ಮಳೆಗೂ ಚೆನ್ನಾಗಿ ಬರುತ್ತದೆ, ಪೋಷಕಾಂಶವೂ ಇದೆ. ಆದರೆ ಅದನ್ನು ಬೇಯಿಸಿ, ಬೇರೆ ಸೊಪ್ಪಿನ ಜೊತೆ ಮಿತವಾಗಿ ಬಳಸಬೇಕು. 1990ರ ದಶಕದಲ್ಲಿ ತೈವಾನ್‌ನಲ್ಲಿ ತೂಕ ಇಳಿಸಲು ಅಂತ ಇದರ ಹಸಿ ರಸವನ್ನು ದಿನಾ ಕುಡಿದ ಹಲವರ ಶ್ವಾಸಕೋಶ ಹಾಳಾಯಿತು.

ಹುಳು, ಕೋತಿ, ಆನೆ

ಮಣ್ಣಿನಲ್ಲಿ ಕೆಲಸ ಮಾಡುವ ಮಕ್ಕಳಿಗೆ ಜಂತುಹುಳುವಿನ ಅಪಾಯ ಇದೆ. ಕೊಕ್ಕೆಹುಳು ಒದ್ದೆ ಮಣ್ಣಿನಿಂದ ಬರಿಗಾಲಿನ ಚರ್ಮ ಕೊರೆದು ಒಳಗೆ ಹೋಗುತ್ತದೆ. ಕರುಳಿನಲ್ಲಿ ಕೂತು ರಕ್ತ ಹೀರುತ್ತದೆ. ರಕ್ತಹೀನತೆ ಕಳೆಯಲು ಅಂತ ಮಾಡಿದ ಕೈತೋಟದಿಂದಲೇ ರಕ್ತಹೀನತೆ ಬರಬಾರದು ಅಲ್ವಾ? ಕಾಲಿಗೆ ಚಪ್ಪಲಿ ಅಥವಾ ಗಂಬೂಟು, ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದು, ಶಾಲೆಯಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆ ತಪ್ಪಿಸದಿರುವುದು. ಈ ಮೂರು ಇಲ್ಲದೆ ಕೈತೋಟ ಶುರುಮಾಡಬಾರದು. ಗೊಬ್ಬರ ಚೆನ್ನಾಗಿ ಕಳಿತಿರಬೇಕು. ವಿಷದ ಔಷಧಿ ಮಕ್ಕಳ ಮಡಿಗೆ ಹೊಡೆಯಲೇಬಾರದು. ಬಸವನಹುಳುವನ್ನು ಸಂಜೆ ಹೊತ್ತು ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ದೊಡ್ಡವರು ಆರಿಸಿದರೆ ಸಾಕು.

ಕಾಡಂಚಿನ ಶಾಲೆಗಳು ಬಾಳೆ, ಹಲಸು ನೆಡುವ ಮೊದಲು ನೂರು ಸಲ ಯೋಚಿಸಬೇಕು. ಆನೆ ಓಡಾಡುವ ದಾರಿಯಲ್ಲಿ ಇವೆರಡೂ ಆನೆಗೆ ಕರೆಯೋಲೆ. ತಿತಿಮತಿ, ಬಾಳೆಲೆ, ಸಿದ್ದಾಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೋತಿ ಕಾಟ ಇರುವ ಕಡೆ ಸೌತೆ, ಜೋಳ ಉಳಿಯುವುದಿಲ್ಲ. ನೆಲದ ಒಳಗಿನ ಗೆಡ್ಡೆ, ಸೂಜಿ ಮೆಣಸು, ಅರಿಶಿನ ಸಾಮಾನ್ಯವಾಗಿ ಉಳಿಯುತ್ತವೆ.

ಯಾರ ಕೆಲಸ ಇದು?

ಕೈತೋಟಗಳು ಸಾಯುವುದು ಹೆಚ್ಚಾಗಿ ರೋಗದಿಂದ ಅಲ್ಲ, ವರ್ಗಾವಣೆಯಿಂದ. ಆಸಕ್ತಿ ಇದ್ದ ಮೇಷ್ಟ್ರೋ ಟೀಚರೋ ಬೇರೆ ಊರಿಗೆ ಹೋದರೆ ಮಡಿಯೂ ಹೋಯಿತು. ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ) ಒಬ್ಬರಾದರೂ ಕೃಷಿ ಗೊತ್ತಿರುವ ಹೆತ್ತವರು ಇದರ ಹೊಣೆ ಹೊತ್ತಿರಬೇಕು. ಏನು ಹಾಕಿದೆವು, ಯಾವ ವಾರ ಹಾಕಿದೆವು, ಏನು ಬಂತು, ಏನು ಹೋಯಿತು ಅನ್ನುವ ಒಂದು ನೋಟ್‌ಬುಕ್ಕನ್ನು ಮಕ್ಕಳೇ ಬರೆದು ಶಾಲೆಯ ಬೀರುವಿನಲ್ಲಿ ಇಡಬೇಕು. ಮೂರು ವರ್ಷದ ನೋಟ್‌ಬುಕ್ ಇದ್ದರೆ ಹೊಸದಾಗಿ ಬಂದ ಶಿಕ್ಷಕರಿಗೆ ಆ ಊರಿನ ಮಳೆಯೇ ಅರ್ಥವಾಗುತ್ತದೆ.

ಬಿಸಿಯೂಟದ ಅಡುಗೆಯವರನ್ನು ಕೇಳದೆ ಏನನ್ನೂ ನೆಡಬೇಡಿ. ಐದು ಕೆಜಿ ಸೊಪ್ಪು ಬಿಡಿಸಿ ತೊಳೆಯುವುದು ಎಷ್ಟು ಹೊತ್ತಿನ ಕೆಲಸ ಅಂತ ಅವರಿಗೆ ಗೊತ್ತು. ಅವರಿಗೆ ಸಿಗುವ ಗೌರವಧನ ಕಡಿಮೆ. ಸುಮ್ನೆ ಹೊರೆ ಹೆಚ್ಚಿಸಿದರೆ ಸೊಪ್ಪು ಒಂದು ಮೂಲೆಯಲ್ಲಿ ಬಾಡುತ್ತದೆ. ದೊಡ್ಡ ಮಕ್ಕಳು ಮೇಷ್ಟ್ರ ಜೊತೆ ಕೂತು ಸೊಪ್ಪು ಬಿಡಿಸುತ್ತಾ ದಂಟು, ಎಲೆ, ಹುಳದ ತೂತು ಗುರುತಿಸಿದರೆ ಅದೂ ಪಾಠವೇ.

ಮತ್ತೊಂದು ಮಾತು ಖಡಾಖಂಡಿತ. ತಡವಾಗಿ ಬಂದವರಿಗೆ, ಮನೆಪಾಠ ಮಾಡದವರಿಗೆ ಕಳೆ ಕೀಳುವ ಶಿಕ್ಷೆ ಕೊಡಬಾರದು. ಹಾಗೆ ಮಾಡಿದ ದಿನವೇ ಮಣ್ಣಿನ ಕೆಲಸ ಅಂದರೆ ಅವಮಾನ ಅಂತ ಮಗು ಕಲಿಯುತ್ತದೆ. ಅಪ್ಪ-ಅಮ್ಮ ತೋಟದಲ್ಲಿ ಕೂಲಿ ಮಾಡುವ ಮಕ್ಕಳಿಗೆ ಅದು ಇನ್ನೂ ಆಳಕ್ಕೆ ನಾಟುತ್ತದೆ. ಗೊಬ್ಬರ ಹೊರುವುದು, ನೀರು ಹಾಕುವುದು, ಗುಡಿಸುವುದು ಎಲ್ಲ ಮಕ್ಕಳಿಗೂ ಸರದಿಯ ಮೇಲೆ ಬರಬೇಕು. ಗುಡಿಸುವುದು ಹುಡುಗಿಯರಿಗೇ, ಹೊರುವುದು ಲೈನ್ ಮನೆಯ ಹುಡುಗರಿಗೇ ಅಂತ ಆಗಿಬಿಡುವುದನ್ನು ಶಿಕ್ಷಕರು ಕಣ್ಣಿಟ್ಟು ತಡೆಯಬೇಕು.

ಇದುವರೆಗೆ ಏನೂ ಮಾಡದ ಶಾಲೆ ಈ ದಸರಾ ರಜೆಯ ನಂತರ ಎರಡು ಮಡಿಯಿಂದ ಶುರುಮಾಡಬಹುದು. ಒಂದು ಹರಿವೆ, ಒಂದು ಮೂಲಂಗಿ, ಬೇಲಿಯಂಚಿಗೆ ಒಂದು ನಿಂಬೆ, ಒಂದು ಸೀಬೆ. ಕೈ ತೊಳೆದ ನೀರು ಹೋಗುವ ದಾರಿಯನ್ನು ಆ ಹಣ್ಣಿನ ಗಿಡಗಳ ಕಡೆ ತಿರುಗಿಸಿದರೆ ಫೆಬ್ರವರಿ ನಂತರದ ಒಣ ದಿನಗಳಿಗೂ ಆಯಿತು. ಹರಿವೆಯ ಮೊದಲ ಕೊಯ್ಲಿನ ದಿನ ಹೆತ್ತವರನ್ನು ಕರೆಯಿರಿ. ಎರಡು ಮೂರು ಮನೆಯವರು ಅದೇ ಸೊಪ್ಪನ್ನು ತಮ್ಮ ತಮ್ಮ ಬಗೆಯಲ್ಲಿ ಮಾಡಿ ತೋರಿಸಲಿ. ಹೋಗುವಾಗ ಪ್ರತಿ ಮನೆಗೂ ಒಂದು ಚಿಟಿಕೆ ಬೀಜ ಕಾಗದದಲ್ಲಿ ಕಟ್ಟಿ ಕೊಡಿ. ನೇಪಾಳದ ಪ್ರಯೋಗ ಹೇಳಿದ್ದೂ ಇದನ್ನೇ. ಹರಿವೆ ಬೀಜ ಸಾಸಿವೆಗಿಂತ ಸಣ್ಣದು. ನಾಲ್ಕು ಗಿಡಗಳನ್ನು ಕೊಯ್ಯದೆ ತೆನೆ ಬಲಿಯಲು ಬಿಟ್ಟರೆ ಶಾಲೆಗೂ, ಎಲ್ಲ ಮನೆಗಳಿಗೂ ಮುಂದಿನ ವರ್ಷಕ್ಕೆ ಬೇಕಾದಷ್ಟು ಬೀಜ ಸಿಗುತ್ತದೆ. ತೆನೆ ಒಣಗುವುದು ಫೆಬ್ರವರಿ ಹೊತ್ತಿಗೆ. ಪರೀಕ್ಷೆಯ ಗಡಿಬಿಡಿಗೆ ಮೊದಲೇ ಅದನ್ನು ಉದುರಿಸಿ, ಚೆನ್ನಾಗಿ ಒಣಗಿಸಿ, ತಾರೀಕು ಬರೆದು, ಗಾಳಿಯಾಡದ ಡಬ್ಬದಲ್ಲಿ ಹಾಕಿಡಬೇಕು. ನಮ್ಮ ಮಳೆಗಾಲದ ತೇವಕ್ಕೆ ಕಾಗದದ ಪೊಟ್ಟಣದಲ್ಲಿಟ್ಟ ಬೀಜ ಬೂಸ್ಟು ಹಿಡಿಯುತ್ತದೆ.